ಗುರುವಾರದ ಕಂಬ

"ಈ ಒಂದು ಕಂಬ ಮಾತ್ರ ಯಾಕೆ ಇಷ್ಟು ಎತ್ತರ ಇದೆ, ಆಪಾ?"

ಇಫ್ಫತ್ ಲ್ಯಾಪ್‌ಟಾಪನ್ನು ಮೊರ್ಜಿನಾಳ ಕಡೆ ತಿರುಗಿಸಿದಳು. ಪರದೆಯ ಮೇಲೆ ಏಳು ನೀಲಿ ಕಂಬಗಳು ಸಾಲಾಗಿ ನಿಂತಿದ್ದವು. ಆರು ಹೆಚ್ಚುಕಡಿಮೆ ಒಂದೇ ಎತ್ತರ. ಏಳನೆಯದು ಗುಡಿಸಲುಗಳ ನಡುವಿನ ತಾಳೆಮರದ ಹಾಗೆ ಎದ್ದು ನಿಂತಿತ್ತು. ಮೊರ್ಜಿನಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ಕಂಬಗಳ ಕೆಳಗೆ ವಾರದ ಹೆಸರುಗಳಿದ್ದವು. ಎತ್ತರದ್ದು ಗುರುವಾರ.

ಕಿಟಕಿಯ ಬಳಿ ನಿಂತಿದ್ದ ಕುದ್ದುಸ್ ಸಾಹೇಬರು ಗಂಟಲು ಸರಿಮಾಡಿಕೊಂಡರು. ಸಂಶೋಧನಾ ಕಚೇರಿಯ ಈ ಶಾಖೆಗೆ ಹನ್ನೊಂದು ವರ್ಷದಿಂದ ಮೇಲ್ವಿಚಾರಕರಾಗಿದ್ದರೂ ಹೆಂಗಸರ ಮುಟ್ಟನ್ನು ಅವರು ಒಮ್ಮೆಯೂ ಅದರ ಹೆಸರಿನಿಂದ ಕರೆದವರಲ್ಲ. "ಆ ವಿಷಯ" ಎನ್ನುತ್ತಿದ್ದರು. ಕಚೇರಿ ನಡೆಯುತ್ತಿದ್ದುದೇ ಆ ವಿಷಯದ ಮೇಲೆ.

"ಮೂರು ವರ್ಷದಲ್ಲಿ ಖೇಜೂರ್‌ಕಾಂದಿಯಲ್ಲಿ ಆ ವಿಷಯ ಶುರುವಾದ ತಾರೀಕುಗಳು ಇವು," ಎಂದರು. "ಬೇರೆ ಹನ್ನೆರಡು ಊರುಗಳಲ್ಲಿ ಏಳು ಕಂಬವೂ ಸಮ. ನಿಮ್ಮ ಊರಲ್ಲಿ ಮಾತ್ರ ಗುರುವಾರ ಬಂದ್ರೆ ಹಬ್ಬ. ಅಲ್ಲಾ ಕೊಟ್ಟ ದೇಹ ಕ್ಯಾಲೆಂಡರ್ ನೋಡ್ಕೊಂಡು ನಡೆಯುತ್ತಾ, ಮೊರ್ಜಿನಾ?"

"ಅವರು ಹೇಳಿದ್ದನ್ನ ಬರ್ಕೊಂಡಿದೀನಿ ಸಾಹೇಬ್ರೆ. ನಂದು ಅಂತ ಒಂದಂಕಿ ಸೇರ್ಸಿಲ್ಲ."

"ಮನೆಮನೆಗೆ ಹೋಗ್ದೆ ಹಲಸಿನ ಮರದ ಕೆಳಗೆ ಕೂತು ಪುಸ್ತಕ ತುಂಬಿದ್ರೆ ಹೀಗೇ ಆಗೋದು."

ಹತ್ತೊಂಬತ್ತು ವರ್ಷದಿಂದ ಮೊರ್ಜಿನಾ ತಿಂಗಳಿಗೊಮ್ಮೆ ಇನ್ನೂರ ಹತ್ತು ಮನೆಗಳ ಬಾಗಿಲು ತಟ್ಟುತ್ತಿದ್ದಳು. ಯಾರು ಬಸುರಿ, ಯಾರು ಹೆತ್ತಳು, ಯಾವ ಮಗು ಉಳಿಯಿತು, ಯಾವುದು ಹೋಯಿತು, ಕೊನೆಯ ಮುಟ್ಟು ಯಾವತ್ತು, ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದಳು. ಪ್ರವಾಹದ ವರ್ಷ ಎದೆಮಟ್ಟದ ನೀರಿನಲ್ಲಿ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು ಹೋಗಿದ್ದಳು. ಊರು ಅವಳನ್ನು ಕರೆಯುತ್ತಿದ್ದುದೇ ತಾರೀಕು ಆಪಾ, ಅಂದರೆ ತಾರೀಕಿನ ಅಕ್ಕ, ಎಂದು. ಅವಳಿಗೆ ಬೇರೆ ಆಸ್ತಿ ಇರಲಿಲ್ಲ. ಅವಳು ಬರೆದದ್ದು ನಿಜ ಎಂಬ ಹೆಸರೊಂದಿತ್ತು. ಸುಳ್ಳು ಬರೆದದ್ದು ರುಜುವಾತಾದರೆ ಕೆಲಸ ಹೋಗುತ್ತಿತ್ತು, ಜೊತೆಗೆ ಹತ್ತೊಂಬತ್ತು ವರ್ಷದ ಪುಸ್ತಕಗಳೂ ರದ್ದಿಯಾಗುತ್ತಿದ್ದವು.

ಇಫ್ಫತ್ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ಢಾಕಾದಿಂದ ಬಂದಿದ್ದ ಈ ಹುಡುಗಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. ದಿನ ತುಂಬುವ ಮೊದಲೇ ಹುಟ್ಟುವ ಮಕ್ಕಳ ಬಗ್ಗೆ ಅವಳ ಅಧ್ಯಯನ. ಮಗು ಎಷ್ಟು ವಾರಕ್ಕೆ ಹುಟ್ಟಿತು ಎಂದು ತಿಳಿಯಲು ಕೊನೆಯ ಮುಟ್ಟಿನ ತಾರೀಕಿನಿಂದಲೇ ಎಣಿಸಬೇಕು. ತಾರೀಕು ಐದು ದಿನ ಆಚೀಚೆಯಾದರೆ ಸರಿಯಾಗಿ ಹುಟ್ಟಿದ ಮಗುವೂ ಲೆಕ್ಕದಲ್ಲಿ ಮುಂಚಿನದಾಗುತ್ತದೆ.

"ನಂಗೆ ಇದು ಕಟ್ಟಿದ ಸುಳ್ಳಿನ ಹಾಗೆ ಕಾಣ್ತಿಲ್ಲ ಸರ್," ಎಂದಳು ನಿಧಾನವಾಗಿ. "ಸುಳ್ಳು ಬರೆಯೋರು ಏಳು ದಿನಕ್ಕೂ ನೀಟಾಗಿ ಹಂಚ್ತಾರೆ. ಇಷ್ಟು ದಡ್ಡತನದ ಸುಳ್ಳನ್ನ ಯಾರು ಬರೀತಾರೆ? ಶನಿವಾರದ ತನಕ ಟೈಮ್ ಕೊಡಿ. ನಾನು ಆಪಾ ಜೊತೆ ಮನೆಮನೆ ತಿರುಗ್ತೀನಿ."

ತನ್ನನ್ನು ಹೊಗಳಿದಳೋ ತೆಗಳಿದಳೋ ಮೊರ್ಜಿನಾಳಿಗೆ ತಿಳಿಯಲಿಲ್ಲ. ಆದರೂ ಆ ಕಂಬ ಅವಳ ತಲೆಯೊಳಗೂ ಎದ್ದು ನಿಂತಿತು. ಬರೆದವಳು ತಾನು, ಬರೆದದ್ದು ಅವರು ಹೇಳಿದ್ದನ್ನೇ. ಹಾಗಾದರೆ ಗುರುವಾರದಲ್ಲಿ ಅಂಥದ್ದೇನಿದೆ?

ಮರುದಿನ ಬೆಳಿಗ್ಗೆ ಇಬ್ಬರೂ ಗದ್ದೆಯ ಬದುವಿನ ಮೇಲೆ ಹೊರಟರು. ಕಾರ್ತಿಕ ಮಾಸದ ಬಿಸಿಲು. ರಸ್ತೆಯುದ್ದಕ್ಕೂ ಸೆಣಬಿನ ಕಡ್ಡಿಗಳನ್ನು ಒಣಗಲು ನಿಲ್ಲಿಸಿದ್ದರು. ಇಫ್ಫತ್‌ಳ ಚಪ್ಪಲಿ ಎರಡು ಸಲ ಕೆಸರಿನಲ್ಲಿ ಹೂತಿತು. ಮೂರನೆಯ ಸಲ ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಡೆದಳು. ಮೊರ್ಜಿನಾಳಿಗೆ ಅವಳ ಮೇಲೆ ಒಂದಿಷ್ಟು ವಿಶ್ವಾಸ ಹುಟ್ಟಿತು.

ಮೊದಲ ಮನೆ ಮೇಹೆರ್ ಬೀಬಿಯದು. ಮುದುಕಿ ಜಗುಲಿಯ ಮೇಲೆ ಕಾಲು ಚಾಚಿ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಸೊಸೆ ಕುಲ್ಸುಮ್ ಅಂಗಳದಲ್ಲಿ ಈಳಿಗೆಮಣೆ ಇಟ್ಟುಕೊಂಡು ಮೀನು ಹೆಚ್ಚುತ್ತಿದ್ದಳು.

"ಬಂದ್ಯಾ ತಾರೀಕಿನವ್ಳೇ! ಬಾ, ಕೂತ್ಕೋ. ಇದ್ಯಾರು ಜೊತೇಲಿ, ನಿನ್ನ ಕೆಲಸ ಕಿತ್ಕೊಳ್ಳಾಕೆ ಬಂದವ್ಳಾ?"

ಮೊರ್ಜಿನಾ ನಗುವ ಪ್ರಯತ್ನ ಮಾಡಿದಳು. "ಢಾಕಾದವ್ರು ಖಾಲಾ. ಊರು ನೋಡ್ಬೇಕಂತೆ."

"ಮದ್ವೆ ಆಗೈತಾ?"

"ಇಲ್ಲ ಖಾಲಾ," ಎಂದಳು ಇಫ್ಫತ್.

"ಹಂಗಾರೆ ಹೆಂಗಸ್ರ ಸುದ್ದಿ ನಿನ್ಗೇನು ತಿಳೀತದೆ? ಪುರಿ ತಿನ್ನು, ಬೆಲ್ಲ ಐತೆ."

ಮೊರ್ಜಿನಾ ಎಂದಿನಂತೆ ವೀಳ್ಯದೆಲೆ ಬಾಯಿಗೆ ಹಾಕಿಕೊಂಡು, ಎಂದಿನಂತೆ ಜಗುಲಿಯ ಮೇಲಿಂದಲೇ ಕೇಳಿದಳು. "ಕುಲ್ಸುಮ್, ಕೊನೇ ಸಲ ಯಾವತ್ತಮ್ಮ?"

ಕುಲ್ಸುಮ್ ಮೀನಿನ ತಲೆಯನ್ನು ಬೇರೆ ಮಾಡಿ ಪಕ್ಕಕ್ಕಿಟ್ಟಳು. ಅತ್ತೆಯ ಕಡೆ ಒಮ್ಮೆ ನೋಡಿ, "ಗುರುವಾರ ಆಪಾ. ಹೋದ ಗುರುವಾರ ಅಲ್ಲ, ಅದರ ಹಿಂದಿಂದು," ಎಂದಳು.

"ಹೌದೌದು, ಗುರುವಾರಾನೇ," ಎಂದು ಮೇಹೆರ್ ಬೀಬಿ ಸಾಕ್ಷಿ ನುಡಿದಳು. "ಅವತ್ತು ನನ್ನ ಮಗ ಬಂದಿದ್ದ. ಪಾಪ, ಮುಖ ಊದಿಸ್ಕೊಂಡು ರಾತ್ರಿ ಊಟ ಆದ್ಮೇಲೂ ನನ್ನ ಹತ್ರಾನೇ ಕೂತಿದ್ದ."

ಮುದುಕಿ ಅಡಕತ್ತರಿ ಅಲ್ಲಾಡಿಸುತ್ತ ನಕ್ಕಳು. ಮೊರ್ಜಿನಾಳೂ ನಕ್ಕಳು. ಬಿದಿರಿನ ತಟ್ಟಿಗೆ ಸಿಕ್ಕಿಸಿದ್ದ ಹಳದಿ ಕಾರ್ಡನ್ನು ತೆಗೆದು, ದುಂಡಗಿನ ಅಕ್ಷರದಲ್ಲಿ ತಾರೀಕು, ವಾರ ಎರಡನ್ನೂ ಬರೆದು, ಮತ್ತೆ ಅಲ್ಲೇ ಸಿಕ್ಕಿಸಿದಳು. ಮನೆಗೊಂದು ಕಾರ್ಡು ಇರಬೇಕೆಂಬುದು ಕಚೇರಿಯ ಕ್ರಮ. ಬರೆದದ್ದು ಆ ಮನೆಯವರಿಗೂ ಕಾಣಬೇಕು ಎಂದು ಯಾರೋ ದೊಡ್ಡವರು ಹಿಂದೆ ತೀರ್ಮಾನಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಹದಿನಾರು ಮನೆಗಳಾದವು. ಆರು ಗುರುವಾರಗಳು ಸಿಕ್ಕವು. ಮೊರ್ಜಿನಾ ಕೂತು ಸುಳ್ಳು ತುಂಬಿದಳೆಂದು ಕುದ್ದುಸ್ ಸಾಹೇಬರು ಹೇಳಿದ್ದ ಹಲಸಿನ ಮರದ ಕೆಳಗೇ ಅವಳು ಇಫ್ಫತ್‌ಳನ್ನು ಕೂರಿಸಿದಳು. ಊರಿನಲ್ಲಿ ನೆರಳಿದ್ದದ್ದು ಅಲ್ಲೇ.

ಇಫ್ಫತ್ ಟ್ಯಾಬ್‌ನಲ್ಲಿ ಏನೇನೋ ಒತ್ತುತ್ತಿದ್ದಳು. ವಯಸ್ಸಿನ ಪ್ರಕಾರ ಬೇರ್ಪಡಿಸಿದಳು, ಕಂಬ ಅಲ್ಲಾಡಲಿಲ್ಲ. ಮಕ್ಕಳ ಸಂಖ್ಯೆ, ಓದು, ಕುಡಿಯುವ ನೀರು, ಯಾವುದಕ್ಕೂ ಅದು ಜಗ್ಗಲಿಲ್ಲ. ಆಮೇಲೆ ಗಂಡಂದಿರ ಕೆಲಸದ ಪ್ರಕಾರ ಬೇರ್ಪಡಿಸಿ, "ಅರೆ!" ಎಂದು ಎದ್ದು ಕೂತಳು.

"ನೋಡಿ ಆಪಾ. ಗಂಡ ಸೌದಿಯಲ್ಲೋ ಒಮಾನ್‌ನಲ್ಲೋ ಇದ್ರೆ ಏಳು ದಿನವೂ ಸಮ. ಊರಲ್ಲೇ ಗದ್ದೆ ಮಾಡ್ಕೊಂಡಿದ್ರೂ ಸಮ. ಢಾಕಾ, ನಾರಾಯಣಗಂಜ್‌ನಲ್ಲಿ ಕೆಲಸಕ್ಕಿರೋರ ಹೆಂಡತಿಯರಿಗೆ ಮಾತ್ರ ಗುರುವಾರ."

"ಶುಕ್ರವಾರ ರಜ, ಅದಕ್ಕೆ ಅವರು ವಾರವಾರ ಬರ್ತಾರೆ. ನದಿ ಲಾಂಚ್ ನಿಲ್ಲೋ ಕಟ್ಟೆ ನಮ್ಮೂರಲ್ಲೇ ಇರೋದಲ್ವಾ. ಗುರುವಾರ ಸಂಜೆ ಬಂದು ಶನಿವಾರ ಬೆಳಿಗ್ಗೆ ಹೊರಡ್ತಾರೆ. ಬೇರೆ ಊರವ್ರಿಗೆ ಈ ಅನುಕೂಲ ಇಲ್ಲ."

"ಹಾಗಾದ್ರೆ ಗಂಡ ಮನೆಗೆ ಬಂದ ತಕ್ಷಣ ಹೆಂಡತಿಗೆ ಮುಟ್ಟಾಗುತ್ತೆ!" ಇಫ್ಫತ್‌ಳ ಕಣ್ಣು ಅರಳಿತು. "ಆಪಾ, ಇದು ದೊಡ್ಡ ವಿಷಯ ಆಗಬಹುದು. ಮೈವಾಸನೆಯಿಂದ ಹೆಂಗಸರ ತಿಂಗಳು ಏರುಪೇರಾಗುತ್ತೆ ಅಂತ ಎಲ್ಲೋ ಓದಿದ್ದೆ. ಬಟ್ಟೆ ಕಾರ್ಖಾನೆಯ ಬಣ್ಣದ ಪುಡಿ ಮೈಗೆ ಅಂಟ್ಕೊಂಡು ಬಂದು ಏನಾದ್ರೂ..."

ಮೊರ್ಜಿನಾ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು ಮನಸಾರೆ ನಕ್ಕಳು. ನಗುತ್ತಿದ್ದ ಹಾಗೆಯೇ ಅವಳ ನಗು ನಡುವಿನಲ್ಲಿ ನಿಂತಿತು. ಮೇಹೆರ್ ಬೀಬಿಯ ಮಗ ಊಟವಾದ ಮೇಲೂ ತಾಯಿಯ ಹತ್ತಿರವೇ ಮುಖ ಊದಿಸಿಕೊಂಡು ಕೂತದ್ದು ಅವಳಿಗೆ ಈಗ ಬೇರೆಯೇ ರೀತಿ ಕಾಣತೊಡಗಿತ್ತು.

"ಏನಾಯ್ತು?"

"ಏನಿಲ್ಲ. ಕುಲ್ಸುಮ್ ಈಗ ಪಾತ್ರೆ ತೊಳೆಯೋಕೆ ಕೆರೆಗೆ ಬರ್ತಾಳೆ. ಬನ್ನಿ, ಕಾಲು ತೊಳ್ಕೊಳ್ಳೋಣ."

ಕುಲ್ಸುಮ್ ಕೆರೆಯ ಮೆಟ್ಟಿಲ ಮೇಲೆ ಕೂತು ಬೂದಿ ಹಚ್ಚಿ ಬೋಗುಣಿ ಉಜ್ಜುತ್ತಿದ್ದಳು. ಸುತ್ತ ಯಾರೂ ಇರಲಿಲ್ಲ. ಬಾತುಕೋಳಿಗಳು ಅಂತರಗಂಗೆಯ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದವು. ಮೊರ್ಜಿನಾ ಪಕ್ಕದಲ್ಲಿ ಕೂತು ಸುಮ್ಮನೆ ಕಾಲು ನೀರಿಗೆ ಬಿಟ್ಟಳು. ಹತ್ತೊಂಬತ್ತು ವರ್ಷ ಕೇಳಿದ ಪ್ರಶ್ನೆ ಈಗ ಅವಳ ಬಾಯಿಗೆ ಬರಲು ಸಂಕೋಚಪಟ್ಟಿತು.

"ಕುಲ್ಸುಮ್, ನಿಜ ಹೇಳು. ಗುರುವಾರ ಅಂದ್ಯಲ್ಲ, ಗುರುವಾರಾನೇನಾ?"

ಹುಡುಗಿ ಬೋಗುಣಿ ತಿರುಗಿಸುವುದನ್ನು ನಿಲ್ಲಿಸಿದಳು. ಇಫ್ಫತ್‌ಳನ್ನು ನೋಡಿದಳು. ದಡದ ಆಚೆಯ ಬಾಳೆಗಿಡಗಳನ್ನು ನೋಡಿದಳು.

"ಯಾರಾದ್ರೂ ಏನಾದ್ರೂ ಅಂದ್ರಾ ಆಪಾ?"

"ನನ್ನ ಮೇಲೆ ಅಂತಿದಾರೆ. ನಾನು ಸುಳ್ಳು ಬರ್ದಿದೀನಂತೆ."

ಕುಲ್ಸುಮ್ ತಲೆ ತಗ್ಗಿಸಿದಳು. "ಸೋಮವಾರ ಆಗಿತ್ತು," ಎಂದಳು. "ಕೆಲವು ಸಲ ಭಾನುವಾರ. ಒಂದೊಂದ್ಸಲ ಗುರುವಾರ ದಾಟಿದ್ಮೇಲೆ ಬರ್ತದೆ. ಯಾವತ್ತೇ ಆಗ್ಲಿ, ನಾನು ಗುರುವಾರ ಅಂತೀನಿ."

"ಯಾಕೆ?"

"ತಿಂಗಳಿಗೆ ನಾಕು ಗುರುವಾರ ಆಪಾ. ಒಂದು ನಂದು."

ಇಫ್ಫತ್ ಬರೆಯಲು ಎತ್ತಿದ್ದ ಟ್ಯಾಬನ್ನು ಮೆಲ್ಲಗೆ ತೊಡೆಯ ಮೇಲಿಟ್ಟಳು.

ಒಮ್ಮೆ ಬಾಯಿ ಬಿಟ್ಟ ಮೇಲೆ ಕುಲ್ಸುಮ್ ನಿಲ್ಲಿಸಲಿಲ್ಲ. "ಅವ್ರು ಕೆಟ್ಟೋರಲ್ಲ. ಬರೋವಾಗ ಬಳೆ ತರ್ತಾರೆ, ಬಿಸ್ಕತ್ತು ತರ್ತಾರೆ. ಆದ್ರೆ ಬೆಳಿಗ್ಗಿಂದ ಭತ್ತ ಬೇಯ್ಸಿ ಒಣಗ್ಸಿ ಸೊಂಟ ಬಿದ್ದೋಗಿರ್ತದೆ. ಚಿಕ್ಕೋಳು ರಾತ್ರಿಯೆಲ್ಲ ಎದೆ ಬಿಡಲ್ಲ. ಬ್ಯಾಡ ಅಂದ್ರೆ, ನಾರಾಯಣಗಂಜ್‌ನಿಂದ ಇದಕ್ಕೇ ಬಂದೆ ಅಂತಾರೆ. ಇದೊಂದು ಹೇಳಿದ್ರೆ ಮಾತಿಲ್ಲ. ಮೊದ್ಲು ನಂಬ್ತಿರ್ಲಿಲ್ಲ, ಹೋದ ವಾರ ತಾನೆ ಅಂದಿದ್ದೆ ಅಂತ ಜಗಳ ತೆಗೀತಿದ್ರು. ಈಗ ಕಾರ್ಡು ತೋರಿಸ್ತೀನಿ. ಹೋದ್ಸಲದ್ದಾಗಿ ತಿಂಗ್ಳಾಯ್ತು, ತಾರೀಕು ಆಪಾ ಬರ್ದವ್ರೆ, ಆಫೀಸಿನ ಕಾಗ್ದ, ನೋಡ್ಕೊಳ್ಳಿ ಅಂತೀನಿ. ಸುಮ್ನಾಗ್ತಾರೆ."

"ನಿನ್ನ ಅತ್ತೆಗೆ ಗೊತ್ತಾಗಲ್ವಾ? ಮುಟ್ಟಲ್ಲಿ ನಮಾಜು ಮಾಡೋ ಹಾಗಿಲ್ವಲ್ಲ?" ಎಂದಳು ಮೊರ್ಜಿನಾ.

"ಅದೇ ಕಷ್ಟ. ನಿಜವಾಗಿ ಆಗಿರೋವಾಗ ಚಾಪೆ ಹಾಸಿ ಬಗ್ಗಿ ಎದ್ದಂಗೆ ಮಾಡ್ಬೇಕು. ಆಗ್ದೆ ಇರೋವಾಗ ಬಿಡ್ಬೇಕು. ಬಿಟ್ಟಿದ್ದನ್ನ ಆಮೇಲೆ ಒಳಗೆ ಕೂತು ಸೇರ್ಸಿ ಮಾಡ್ತೀನಿ." ಅವಳ ದನಿ ಇಳಿಯಿತು. "ಅಲ್ಲಾ ಕ್ಷಮಿಸ್ತಾನೆ ಅಲ್ವಾ ಆಪಾ? ನೀವು ಓದಿರೋರು."

ಹತ್ತನೆಯ ತರಗತಿ ಓದಿದ್ದ ಮೊರ್ಜಿನಾಳಿಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. "ಕ್ಷಮಿಸ್ತಾನೆ," ಎಂದಳು. ಕುಲ್ಸುಮ್ ಬೋಗುಣಿಯನ್ನು ನೀರಿನಲ್ಲಿ ಅದ್ದಿ ತೊಳೆದಳು.

ಎದ್ದು ಹೊರಟಾಗ ಇಫ್ಫತ್‌ಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಲಾಂಚಿನಲ್ಲಿ ಬರುವವರ ಹೆಂಡತಿಯರ ಪಟ್ಟಿಯನ್ನು ನಡೆಯುತ್ತಲೇ ಬೆರಳಿನಿಂದ ಸರಿಸುತ್ತಿದ್ದಳು. "ಇನ್ನೂ ನಾಲ್ಕೈದು ಜನ ಒಪ್ಪಿಕೊಂಡ್ರೆ ಸಾಕು ಆಪಾ, ನಿಮ್ಮ ಮೇಲಿನ ಮಾತು ಹೋದಂತೆ. ಹಾಂ, ಇವರು ನೋಡಿ. ಒಂಬತ್ತು ತಿಂಗಳಲ್ಲಿ ಎಂಟು ಗುರುವಾರ! ಕುಲ್ಸುಮ್‌ಗಿಂತ ಜೋರು. ನೂರಾ ಎಪ್ಪತ್ತೆರಡನೇ ಮನೆ, ಲೈಲಿ ಬೇಗಂ. ಅಲ್ಲಿಗೆ ಹೋಗೋಣ್ವಾ?"

ಮೊರ್ಜಿನಾ ಬದುವಿನ ಮೇಲೆ ನಿಂತಳು. "ಅದು ನಮ್ಮನೆ," ಎಂದಳು. "ಲೈಲಿ ನನ್ನ ಸೊಸೆ."

ಇಫ್ಫತ್ ಟ್ಯಾಬನ್ನು ಚೀಲಕ್ಕೆ ಹಾಕಿದಳು.

ಪ್ರತಿ ತಿಂಗಳೂ ಒಂದು ಶನಿವಾರ ಬೆಳಿಗ್ಗೆ, ಢಾಕಾದಲ್ಲಿ ಕೆಲಸಕ್ಕಿದ್ದ ಮಗ ಶಾಹೀನ್ ಹೊರಟುಹೋದ ಮೇಲೆ ಲೈಲಿ ತಟ್ಟೆಗೆ ಅನ್ನ ಬಡಿಸುತ್ತ, ತಲೆ ಎತ್ತದೆ, "ಅಮ್ಮಾ, ಈ ಸಲ ಗುರುವಾರ," ಎನ್ನುತ್ತಿದ್ದಳು. ಇನ್ನೂರ ಹತ್ತು ಮನೆಗಳಲ್ಲಿ ಬಹಳ ಸುಲಭದ ಮನೆ ತನ್ನದೇ ಎಂದು ಮೊರ್ಜಿನಾ ಬೀಗುತ್ತಿದ್ದಳು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಒಂದು ಸಲ ಮಗ ಸಪ್ಪೆ ಮುಖ ಹಾಕಿಕೊಂಡು ಅಂಗಳದಲ್ಲಿ ಕೂತಿದ್ದಾಗ, ಸೊಸೆಗೆ ಕೇಳುವ ಹಾಗೆಯೇ, "ಈ ವಾರ ನಿನ್ನ ನಸೀಬು ನೆಟ್ಟಗಿಲ್ಲ ಬಿಡಪ್ಪ," ಎಂದು ನಕ್ಕಿದ್ದಳು. ಆ ಮಾತು ಈಗ ನೆನಪಾಗಿ ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು. ಊರಿನ ಅತ್ತೆಯರ ಸ್ವಭಾವವನ್ನು ಬಲ್ಲೆನೆಂದು ತಿಳಿದಿದ್ದವಳು ಆ ಪಟ್ಟಿಯಲ್ಲಿ ತನ್ನನ್ನು ಸೇರಿಸಿಕೊಂಡಿರಲೇ ಇಲ್ಲ.

ಆ ಸಂಜೆ ಮನೆಯಲ್ಲಿ ಅವಳು ಲೈಲಿಯನ್ನು ಏನೂ ಕೇಳಲಿಲ್ಲ. ಕೇಳುವ ಆಸೆಯೇನೋ ಬೇಕಾದಷ್ಟಿತ್ತು. ಹುಡುಗಿ ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದಾಗ ಅವಳ ಬೆನ್ನನ್ನೇ ನೋಡುತ್ತ ಕೂತಳು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಈ ಬೆನ್ನನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು.

ಗುರುವಾರದ ಹೊತ್ತಿಗೆ ಇನ್ನೂ ಐದು ಮಂದಿ ಒಪ್ಪಿಕೊಂಡಿದ್ದರು; ಕೆರೆಯಲ್ಲಿ, ಭತ್ತ ಒಣಗಿಸುವ ಕಣದಲ್ಲಿ, ಒಬ್ಬಳು ಆಡು ಹುಡುಕುವ ನೆಪದಲ್ಲಿ. ಒಬ್ಬೊಬ್ಬಳೂ ಈ ಉಪಾಯ ತನ್ನೊಬ್ಬಳದೇ ಎಂದುಕೊಂಡಿದ್ದಳು. ಶನಿವಾರ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಇಫ್ಫತ್ ಮತ್ತು ಮೊರ್ಜಿನಾ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತಿದ್ದರು. ಇಫ್ಫತ್‌ಳ ಲ್ಯಾಪ್‌ಟಾಪಿನಲ್ಲಿ ವರದಿ ಅರ್ಧ ಸಿದ್ಧವಾಗಿತ್ತು.

"ಇಂಥದ್ದನ್ನ ಯಾರೂ ಬರ್ದಿಲ್ಲ ಆಪಾ," ಎಂದಳು. "ನಾವು ದೇಹವನ್ನ ಅಳೀತಿದೀವಿ ಅಂದ್ಕೊಂಡಿದ್ವಿ. ಈ ಅಂಕಿ ಬೇರೇನನ್ನೋ ತೋರಿಸ್ತಿದೆ. ಹೆಸರು ಯಾರದೂ ಹಾಕಲ್ಲ."

"ಊರಿನ ಹೆಸರು?"

"ಊರಿನ ಹೆಸರು ಹಾಕ್ಬೇಕಾಗುತ್ತೆ."

"ಬರೋ ಅಘ್ರಾಣ ಮಾಸದ ಊರಸಭೆಯಲ್ಲಿ ಓದೋದು ಈ ವರದೀನೇ ತಾನೆ?"

ಇಫ್ಫತ್ ಚಹಾದ ಲೋಟ ಕೆಳಗಿಟ್ಟಳು. ಊರಿನಿಂದ ಪಡೆದದ್ದನ್ನು ಊರಿಗೆ ಹೇಳಬೇಕೆಂದು ವರ್ಷಕ್ಕೊಮ್ಮೆ ಶಾಲೆಯ ಬಯಲಿನಲ್ಲಿ ಕಚೇರಿ ಸಭೆ ಮಾಡುತ್ತಿತ್ತು. ಗಂಡಸರೂ ಸಿಗಲಿ ಎಂದು ಅದನ್ನು ಶುಕ್ರವಾರವೇ ಇಡುತ್ತಿದ್ದರು. ಮುಂದಿನ ಸಾಲಿನಲ್ಲಿ ಇಮಾಮ್ ಸಾಹೇಬರು, ಅವರ ಹಿಂದೆ ಗುರುವಾರ ಸಂಜೆಯ ಲಾಂಚಿನಲ್ಲಿ ಬಂದಿಳಿದವರು. ಕುದ್ದುಸ್ ಸಾಹೇಬರ ಕೈಗೆ ಮೈಕು ಸಿಕ್ಕರೆ ಒಂದು ಸಾಲೂ ಬಿಡುತ್ತಿರಲಿಲ್ಲ.

"ಲಾಂಚಿನಲ್ಲಿ ಬರೋರ ಹೆಂಡಂದಿರು ಅಂದ್ರೆ ಸಾಕು, ಹೆಸರೇನೂ ಬೇಕಾಗಿಲ್ಲ," ಎಂದಳು ಮೊರ್ಜಿನಾ. "ಅವತ್ತು ಸಾಯಂಕಾಲಾನೇ ಎಲ್ಲಾ ಕಾರ್ಡುಗಳೂ ಗೋಡೆಯಿಂದ ಇಳೀತವೆ. ಆಮೇಲೆ ಏನೇನಾಗುತ್ತೋ ನಂಗೆ ಗೊತ್ತು, ನಿಮಗೆ ಗೊತ್ತಿಲ್ಲ."

"ನಾನು ಬರೀದೆ ಇದ್ರೆ ನೀವು ಸುಳ್ಳಿ ಆಗ್ತೀರಿ. ಕೆಲಸ ಹೋಗುತ್ತೆ."

ಮೊರ್ಜಿನಾ ಎರಡು ರಾತ್ರಿ ಯೋಚಿಸಿಕೊಂಡು ಬಂದಿದ್ದಳು. "ನಮ್ಮ ನಿಯಮದ ಪುಸ್ತಕದಲ್ಲಿ ಮೊದಲನೇ ಸಾಲು ಏನು?"

"ಹೆಂಗಸನ್ನ ಒಂಟಿಯಾಗಿ, ಬೇರೆ ಯಾರಿಗೂ ಕೇಳಿಸದ ಹಾಗೆ ಪ್ರಶ್ನಿಸಬೇಕು."

"ನಾನು ಒಂದಿನಾನೂ ಹಾಗೆ ಮಾಡ್ಲಿಲ್ಲ. ಶುರುವಿನ ವರ್ಷ ಒಂಟಿಯಾಗಿ ಕೇಳೋಕೆ ಹೋದ್ರೆ ಅತ್ತೆಯರು ಪೊರಕೆ ತಗೊಂಡು ಬರ್ತಿದ್ರು. ಸೊಸೆ ಕಿವಿಯಲ್ಲಿ ಏನು ಊದ್ತೀಯಾ ಅಂತ. ಅದಕ್ಕೆ ಜಗುಲಿ ಮೇಲೆ ಕೂತು, ಎಲೆಯಡಿಕೆ ತಿಂದು, ಎಲ್ಲರಿಗೂ ಕೇಳೋ ಹಾಗೆ ಕೇಳ್ದೆ. ಬಾಗಿಲು ತೆರೀತು. ಆಮೇಲೆ ಅದೇ ಅಭ್ಯಾಸ ಆಯ್ತು." ಅವಳು ಲೋಟದ ತಳದ ಚಹಾ ಚೆಲ್ಲಿದಳು. "ಮೊರ್ಜಿನಾ ನಿಯಮ ಮುರಿದು ಅತ್ತೆಯರ ಮುಂದೆ ಕೇಳಿದ್ದರಿಂದ ತಾರೀಕುಗಳು ನಂಬೋ ಹಾಗಿಲ್ಲ ಅಂತ ಬರೀರಿ. ನಿಜಾನೇ ತಾನೆ?"

"ನಿಜ. ಆದ್ರೆ ಪೂರ್ತಿ ನಿಜ ಅಲ್ಲ."

"ಮೈಕಿಗೆ ಇಷ್ಟು ಸಾಕು."

ಇಫ್ಫತ್‌ಳ ಮೂರು ವರ್ಷದ ಅಂಕಿಗಳಲ್ಲಿ ಅರ್ಧ ನೀರಿಗೆ ಹೋಗುತ್ತಿದ್ದವು. ಹೋಗಲಿ ಎಂದರೆ, ಕಂಡುಹಿಡಿದದ್ದನ್ನು ಹೇಳುವಂತೆಯೂ ಇರಲಿಲ್ಲ. ಕೊನೆಗೆ ಅವಳು ಪರದೆಯ ಮೇಲಿದ್ದ ಎರಡು ಪುಟವನ್ನು ಅಳಿಸಿದಳು. "ಇನ್ನು ಮುಂದೆ ನಿಜವಾದ ತಾರೀಕು ಒಂಟಿಯಾಗಿ ಕೇಳಿ ಟ್ಯಾಬಿಗೆ ಮಾತ್ರ ಹಾಕ್ಬೇಕು ಅಂತ ಬರೀತೀನಿ," ಎಂದಳು. "ಗೋಡೆಯ ಕಾರ್ಡು ಅಧ್ಯಯನಕ್ಕೆ ಸೇರಿದ್ದಲ್ಲ. ಅದರಲ್ಲಿ ಹೆಂಗಸು ಏನು ಬರೀರಿ ಅಂತಾಳೋ ಅದನ್ನ ಬರೀಬಹುದು ಅಂತಾನೂ ಸೇರಿಸ್ತೀನಿ. ಕುದ್ದುಸ್ ಸಾಹೇಬ್ರು ಯಾಕೆ ಅಂತ ಕೇಳಿದ್ರೆ?"

"ಆ ವಿಷಯ ಸಾಹೇಬ್ರೆ, ಅನ್ನಿ. ಅವರು ಮುಂದಕ್ಕೆ ಕೇಳಲ್ಲ."

ಹಾಗೆಯೇ ಆಯಿತು. ಇಫ್ಫತ್ ವಾದಿಸಿದ್ದರಿಂದ ಮೊರ್ಜಿನಾಳ ಕೆಲಸ ಉಳಿಯಿತು. ಖೇಜೂರ್‌ಕಾಂದಿ ಅವಳ ಕೈಯಲ್ಲಿ ಉಳಿಯಲಿಲ್ಲ. ಮೊರ್ಜಿನಾ ಎರಡು ವಾರ ಇಪ್ಪತ್ತು ವರ್ಷದ ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂತು, ಪ್ರಶ್ನೆ ಕೇಳುವುದು ಹೇಗೆಂದು ಮೊದಲಿನಿಂದ ಕಲಿತಳು. ಆಮೇಲೆ ಅವಳಿಗೆ ನದಿಯಾಚೆಯ ಎರಡು ಊರು ಕೊಟ್ಟರು. ಬೆಳಿಗ್ಗೆ ದೋಣಿ, ಸಂಜೆ ದೋಣಿ. ತಾರೀಕು ಆಪಾ ನಿಯಮ ಮುರಿದು ಸಿಕ್ಕಿಬಿದ್ದಳಂತೆ ಎಂದು ಊರಿನಲ್ಲಿ ಸುದ್ದಿಯಾಯಿತು. ಮೇಹೆರ್ ಬೀಬಿ ದಾರಿಯಲ್ಲಿ ಸಿಕ್ಕಿ, "ಆ ಢಾಕಾದವ್ಳು ಕೆಲಸ ಕಿತ್ಕೋತಾಳೆ ಅಂತ ನಾನು ಅವತ್ತೇ ಅಂದಿದ್ದೆ," ಎಂದು ಮರುಕ ತೋರಿಸಿದಳು. ಕುಲ್ಸುಮ್ ಮಾತ್ರ ಒಂದು ದಿನ ಹಿತ್ತಿಲ ಕಡೆಯಿಂದ ಬಂದು, ಮುಚ್ಚಿದ ಬಟ್ಟಲಿನಲ್ಲಿ ನಾಲ್ಕು ಅಕ್ಕಿ ಕಡುಬು ಇಟ್ಟು ಹೋದಳು.

ಪೌಷ ಮಾಸದ ಒಂದು ಬೆಳಿಗ್ಗೆ ನದಿಯ ಮೇಲೆ ಮಂಜು ಬಿಡದೆ ದೋಣಿ ಹೊರಡಲಿಲ್ಲ. ಮೊರ್ಜಿನಾ ಮನೆಯಲ್ಲೇ ಉಳಿದು, ಮಧ್ಯಾಹ್ನ ಕಳೆದ ಮೇಲೆ ಜಗುಲಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಳು. ಅಂದು ಗುರುವಾರ. ಲೈಲಿ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಆಗ ಕಚೇರಿಯ ನೀಲಿ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬೇಲಿ ಸರಿಸಿ ಬಂದಳು. ಅವಳ ಹೆಸರು ನಾದಿರಾ. ತರಬೇತಿಯಲ್ಲಿ ಮೊರ್ಜಿನಾಳ ಪಕ್ಕದ ಬೆಂಚಿನವಳೇ, ಈಗ ಈ ಊರು ಅವಳ ಪಾಲಿಗೆ ಬಂದಿತ್ತು.

"ಚಾಚಿ, ಚೆನ್ನಾಗಿದೀರಾ?" ಎಂದಳು. ನಿಂತಲ್ಲೇ ಚೀಲದ ಪಟ್ಟಿ ತಿರುಚಿದಳು. "ಚಾಚಿ, ತಪ್ಪು ತಿಳ್ಕೋಬೇಡಿ. ನೀವು ಒಂದ್ ಸ್ವಲ್ಪ ಹೊತ್ತು ಆಚೆ..."

ಮೊರ್ಜಿನಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೊಣಕಾಲಿಗೆ ಕೈ ಊರಿ ಎದ್ದಳು. "ಕೂರಮ್ಮ, ಕೂರು. ನಂಗೆ ಕೆರೆ ಹತ್ರ ಕೆಲಸ ಇದೆ," ಎಂದಳು. ಕೆರೆಯ ಹತ್ತಿರ ಅವಳಿಗೆ ಯಾವ ಕೆಲಸವೂ ಇರಲಿಲ್ಲ.

ಮೆಟ್ಟಿಲ ಮೇಲೆ ಕೂತು ಅವಳು ನೀರು ನೋಡಿದಳು. ಹಿಂದೆ ಅಂಗಳದಲ್ಲಿ ಸಣ್ಣ ದನಿಯ ಮಾತು ನಡೆದಿತ್ತು. ನಡುವೆ ಒಮ್ಮೆ ಲೈಲಿಯ ನಗು ಕೇಳಿಸಿತು. ಏನು ಕೇಳಿರಬಹುದು, ಏನು ಹೇಳಿರಬಹುದು? ಈ ಪ್ರಶ್ನೆಗಳ ಸಾಲು ಅವಳಿಗೆ ಬಾಯಿಪಾಠ. ಈಗ ಯಾವ ಪ್ರಶ್ನೆಯಲ್ಲಿದ್ದಾರೆಂದು ಬೆರಳು ಮಡಚಿ ಹೇಳಬಲ್ಲಳು. ಉತ್ತರ ಮಾತ್ರ ಅವಳ ಕೈಗೆ ಸಿಗುವುದಿಲ್ಲ. ತಿರುಗಿ ನೋಡಬೇಕೆಂಬ ಆಸೆಯನ್ನು ಹಲ್ಲು ಕಚ್ಚಿ ತಡೆದುಕೊಂಡಳು.

ಸ್ವಲ್ಪ ಹೊತ್ತಿಗೆ ಲೈಲಿ ಅಕ್ಕಿಯ ಬುಟ್ಟಿ ಹಿಡಿದು ಮೆಟ್ಟಿಲಿಳಿದು ಬಂದಳು. ಮೊರ್ಜಿನಾ ಸರಿದು ಜಾಗ ಮಾಡಿಕೊಟ್ಟಳು.

"ಹೋದಳಾ?"

"ಹೋದ್ಳು ಅಮ್ಮಾ."

"ಚೆನ್ನಾಗಿ ಬರೀತಾಳಾ?"

"ಬರೀತಾಳೆ. ನಿಮ್ಮಷ್ಟು ದುಂಡಗಿಲ್ಲ."

ಲೈಲಿ ಬುಟ್ಟಿಯನ್ನು ನೀರಿನಲ್ಲಿ ಅದ್ದಿ ಅಕ್ಕಿಯನ್ನು ಕೈಯಿಂದ ತಿರುವಿದಳು. ನೀರು ಬೆಳ್ಳಗಾಗಿ ಸಣ್ಣ ಮೀನುಗಳು ಸುತ್ತ ಸೇರಿದವು. ನದಿಯ ಕಡೆಯಿಂದ ಲಾಂಚಿನ ಕೂಗು ಕೇಳಿತು. ಮಂಜು ಕರಗಿ ಅದು ಹತ್ತಿರ ಬಂದಿರಬೇಕು, ಸಂಜೆಗೆ ಶಾಹೀನ್ ಕಟ್ಟೆಯಲ್ಲಿ ಇಳಿಯುತ್ತಾನೆ. ಲೈಲಿಯ ಕೈ ಅಕ್ಕಿಯೊಳಗೆ ನಿಂತಿತು.

ಮೊರ್ಜಿನಾ ಬುಟ್ಟಿಯ ಇನ್ನೊಂದು ಅಂಚನ್ನು ಹಿಡಿದುಕೊಂಡಳು. ಆಮೇಲೆ, ನೀರನ್ನೇ ನೋಡುತ್ತ, ಯಾವ ಪುಸ್ತಕದಲ್ಲೂ ಇಲ್ಲದ ಪ್ರಶ್ನೆಯೊಂದನ್ನು ಕೇಳಿದಳು.

"ಇವತ್ತು ನಿನ್ನ ಹಾಸಿಗೆ ಎಲ್ಲಿ ಹಾಸ್ಲಿ, ಲೈಲಿ? ನಿನ್ನ ಕೋಣೇಲೋ, ನನ್ನ ಕೋಣೇಲೋ?"

ಲೈಲಿ ತಟ್ಟನೆ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಮೊರ್ಜಿನಾ ಬುಟ್ಟಿಯನ್ನು ಎತ್ತಿ ಹಿಡಿದಳು. ಬೆಳ್ಳನೆಯ ನೀರು ಬಿದಿರಿನ ಸಂದುಗಳಿಂದ ಸಣ್ಣಗೆ ಇಳಿಯತೊಡಗಿತು. ಅದು ಪೂರ್ತಿ ಬಸಿಯುವ ತನಕ ಅವಳು ಉತ್ತರಕ್ಕೆ ಕಾದಳು.